ರಕ್ತದ ಚಪ್ಪಟೆ ಹುಳುವಿನ ಬದುಕು ಮತ್ತು ಸಂತಾನ: ಗೊರಕೆ ರೋಗ ಹಾಗೂ ವಿಜಯಪುರ ಸೀಮೆಯ ನೀರಿನ ನೆಲೆಗಳು

ಬಯಲುಸೀಮೆಯ ಜನಪದರ ಬದುಕಿನಲ್ಲಿ ನೀರು ಮತ್ತು ದನಕರು ಎರಡು ಬೇರೆ ಬೇರೆ ಸಂಗತಿಗಳಲ್ಲ. ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸಿನಲ್ಲಿ ಮಳೆ ಕಾಣುವ ವಿಜಯಪುರ ಜಿಲ್ಲೆಯಲ್ಲಿ ನೀರಿದ್ದ ಕಡೆಗೆ ದನ, ದನವಿದ್ದ ಕಡೆಗೆ ಒಕ್ಕಲುತನ ಎಂಬ ಕ್ರಮವೇ ನಡೆದು ಬಂದಿದೆ. ಡೋಣಿಯ ಎರೆಭೂಮಿ ಬೆಳೆದ ವರ್ಷ ಓಣಿಯಲ್ಲೆಲ್ಲ ಜೋಳ ತುಂಬುತ್ತದೆ ಎಂಬ ಅರ್ಥದ ಗಾದೆ ಈ ಸೀಮೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಅದೇ ಡೋಣಿಯ ಸವುಳು ನೀರು ಕುಡಿಯಲು ಒಗ್ಗುವುದಿಲ್ಲ. ಹೀಗಾಗಿ ಬಾವಿ, ಹೊಂಡ, ಕೆರೆ, ಹಳ್ಳದ ಮಡುಗಳೇ ಮನುಷ್ಯರಿಗೂ ದನಗಳಿಗೂ ಆಸರೆಯಾದವು. ಇಂತಹ ನಿಂತ ನೀರನ್ನೇ ನಂಬಿಕೊಂಡು, ದನದ ನೆತ್ತರಿನೊಳಗೆ ಬಾಳುವ ಒಂದು ಪರೋಪಜೀವಿಯ ಜೀವನಕ್ರಮವನ್ನು ವಿವರಿಸುವುದು ಹಾಗೂ ಅದನ್ನು ಜನಪದ ತಿಳಿವಳಿಕೆಯೊಂದಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬೇನೆಗೆ ಹೆಸರಿಡುವ ಕ್ರಮ

ಜನಪದರು ಜಾನುವಾರುಗಳ ಬೇನೆಗೆ ಹೆಸರಿಡುವಾಗ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಲಕ್ಷಣವನ್ನು ಹಿಡಿಯುತ್ತಾರೆ. ಬಾಯಿ ಮತ್ತು ಗೊರಸಿನಲ್ಲಿ ಹುಣ್ಣಾದರೆ ‘ಕಾಲುಬಾಯಿ ಬೇನೆ’. ಚಪ್ಪೆಯ ಮಾಂಸಖಂಡ ಬಾತರೆ ‘ಚಪ್ಪೆ ಬೇನೆ’. ಗಂಟಲು ಬಾತು ಉಸಿರು ಕಟ್ಟಿದರೆ ‘ಗಂಟಲು ಬೇನೆ’. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈ ಬೇನೆಯೇ ‘ಬ್ಯಾನಿ’ಯಾಗುತ್ತದೆ. ಮೂಗಿನಿಂದ ಸಿಂಬಳ, ಕೆಲವೊಮ್ಮೆ ರಕ್ತಮಿಶ್ರಿತ ಕೀವು ಸುರಿಯುತ್ತ, ನಿಂತಲ್ಲಿಯೇ ಎತ್ತು ಗೊರಗೊರ ಸದ್ದು ಮಾಡುವ ಬೇನೆಗೆ ಕರ್ನಾಟಕದಲ್ಲಿ ‘ಗೊರಕೆ ರೋಗ’ ಎಂಬ ಹೆಸರು ಬಳಕೆಯಲ್ಲಿದೆ. ಪಶುವೈದ್ಯರೂ ಇದೇ ಹೆಸರನ್ನು ಬಳಸುತ್ತಾರೆ.

ಮನುಷ್ಯರ ಬೇನೆಯ ಹೆಸರುಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಹಿಂದೆ ಈ ಸೀಮೆಯನ್ನು ಬಹುವಾಗಿ ಕಾಡಿದ ‘ನಾರುಹುಣ್ಣು’ ಇದಕ್ಕೆ ಉತ್ತಮ ಉದಾಹರಣೆ. ಕಾಲಿನ ಹುಣ್ಣಿನಿಂದ ಬಿಳಿಯ ನಾರಿನ ಎಳೆಯಂತೆ ಹುಳು ಹೊರಬರುತ್ತಿದ್ದುದರಿಂದ ಆ ಹೆಸರು ಬಂದಿತು. ಅಲ್ಲಿ ಬೇನೆ ಮತ್ತು ಬೇನೆಯ ಕಾರಣ ಎರಡೂ ಒಂದೇ ಹೆಸರಿನಲ್ಲಿ ಸೇರಿವೆ. ಗೊರಕೆ ರೋಗದಲ್ಲಿ ಹಾಗಿಲ್ಲ. ಹೆಸರು ಸದ್ದನ್ನಷ್ಟೇ ಹೇಳುತ್ತದೆ. ಸದ್ದಿಗೆ ಕಾರಣವಾದ ಹುಳು ಕಣ್ಣಿಗೆ ಬೀಳುವುದೇ ಇಲ್ಲ. ಈ ವ್ಯತ್ಯಾಸವು ಕೇವಲ ಭಾಷೆಯದಲ್ಲ. ಒಂದು ಬೇನೆ ತೊಲಗಿ ಇನ್ನೊಂದು ಉಳಿದುದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದನ್ನು ಮುಂದೆ ನೋಡಬಹುದು.

ಹುಳುವಿನ ಪರಿಚಯ

ಗೊರಕೆ ರೋಗಕ್ಕೆ ಕಾರಣವಾದ ಹುಳುವಿನ ಶಾಸ್ತ್ರೀಯ ಹೆಸರು ಶಿಸ್ಟೋಸೋಮಾ ನೇಸೇಲ್. ಇದನ್ನು 1930ರ ದಶಕದ ಆರಂಭದಲ್ಲಿ ಮದರಾಸಿನ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್ ಅವರು ಗುರುತಿಸಿ ವರ್ಣಿಸಿದರು. ಇದೇ ಕುಲಕ್ಕೆ ಸೇರಿದ ಶಿಸ್ಟೋಸೋಮಾ ಸ್ಪಿಂಡೇಲ್ ಮತ್ತು ಶಿಸ್ಟೋಸೋಮಾ ಇಂಡಿಕಂ ಎಂಬ ಇನ್ನೆರಡು ಹುಳುಗಳನ್ನು ಮಾಂಟ್ಗೊಮರಿ ಎಂಬ ವಿಜ್ಞಾನಿ 1906ರಲ್ಲಿಯೇ ಭಾರತದ ಸಾಕುಪ್ರಾಣಿಗಳಿಂದ ವರ್ಣಿಸಿದ್ದರು. ಇವು ಕರುಳಿನ ಸುತ್ತಣ ರಕ್ತನಾಳಗಳಲ್ಲಿ ಬಾಳುವಂಥವು. ಸ್ಪಿಂಡೇಲ್ ಎಂಬ ಹೆಸರು ಅದರ ತತ್ತಿಯ ಆಕಾರದಿಂದ ಬಂದುದು. ನೂಲುವ ಕದಿರಿನಂತೆ ನಡುವೆ ಉಬ್ಬಿ ತುದಿಯಲ್ಲಿ ಚೂಪಾಗಿರುತ್ತದೆ. ವಿಜ್ಞಾನಿಯೂ ಹೆಸರಿಡುವಾಗ ಜನಪದರಂತೆ ದಿನಬಳಕೆಯ ವಸ್ತುವನ್ನೇ ನೆನೆದಿರುವುದು ಗಮನಾರ್ಹವಾಗಿದೆ.

ಮನುಷ್ಯರನ್ನು ಕಾಡುವ ರಕ್ತದ ಹುಳುವನ್ನು ಜರ್ಮನಿಯ ವೈದ್ಯ ಥಿಯೊಡೋರ್ ಬಿಲ್‌ಹಾರ್ಜ್ 1851ರಲ್ಲಿ ಕೈರೋದಲ್ಲಿ ಕಂಡುಹಿಡಿದರು. ಅದರ ಇತಿಹಾಸ ಮಾತ್ರ ಅತಿ ಪ್ರಾಚೀನವಾದುದು. ಸುಮಾರು 3000 ವರ್ಷ ಹಳೆಯ ಈಜಿಪ್ಟಿನ ಮಮ್ಮಿಗಳ ಮೂತ್ರಪಿಂಡದಲ್ಲಿ ಅದರ ತತ್ತಿಗಳನ್ನು ಮಾರ್ಕ್ ಆರ್ಮಂಡ್ ರಫರ್ 1910ರಲ್ಲಿ ತೋರಿಸಿಕೊಟ್ಟರು. ಆಫ್ರಿಕದ ಕೆಲವು ಭಾಗಗಳಲ್ಲಿ ಹುಡುಗರ ಮೂತ್ರದಲ್ಲಿ ರಕ್ತ ಕಾಣುವುದನ್ನು ಪ್ರಾಯಕ್ಕೆ ಬಂದ ಗುರುತೆಂದು ಬಗೆಯಲಾಗುತ್ತಿತ್ತು. ಎಲ್ಲರಿಗೂ ಬರುವ ಬೇನೆ ಬೇನೆಯೆಂದೇ ಅನ್ನಿಸುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಭಾರತದಲ್ಲಿ ಮನುಷ್ಯರಲ್ಲಿ ಈ ರೋಗದ ನೆಲೆಯಾಗಿ ಹೆಸರಾದುದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿ. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಅವರು ಇದನ್ನು ವರದಿ ಮಾಡಿದರು. ಉಳಿದಂತೆ ನಮ್ಮಲ್ಲಿ ಇದು ಮುಖ್ಯವಾಗಿ ದನ, ಎಮ್ಮೆ, ಕುರಿ, ಆಡುಗಳ ಬೇನೆ.

ಬಸವನಹುಳುವಿನೊಳಗಿನ ಹೆಚ್ಚಳ

ರಕ್ತದ ಹುಳುವಿಗೆ ಎರಡು ಮನೆಗಳು. ಒಂದು ದನದ ನೆತ್ತರು, ಇನ್ನೊಂದು ನೀರಿನ ಬಸವನಹುಳು. ಈ ಎರಡರ ನಡುವಿನ ಸೇತುವೆ ನೀರು. ತತ್ತಿಯು ಸಿಹಿನೀರಿಗೆ ಬಿದ್ದೊಡನೆ ಒಡೆದು ಮಿರಾಸಿಡಿಯಂ ಎಂಬ ಸೂಕ್ಷ್ಮ ಮರಿ ಹೊರಬರುತ್ತದೆ. ಅದರ ಮೈತುಂಬ ರೋಮಗಳಿದ್ದು ಅವುಗಳ ಬಲದಿಂದ ಈಜುತ್ತದೆ. ಅದು ಏನನ್ನೂ ತಿನ್ನಲಾರದು. ಕೂಡಿಟ್ಟ ಶಕ್ತಿ ಮುಗಿಯುವ ಮೊದಲು, ಅಂದರೆ ಕೆಲವೇ ಗಂಟೆಗಳಲ್ಲಿ, ತಕ್ಕ ಬಸವನಹುಳುವನ್ನು ಮುಟ್ಟಬೇಕು. ನಮ್ಮ ದನಗಳ ಈ ಮೂರೂ ರಕ್ತದ ಹುಳುಗಳಿಗೆ ಆಸರೆಯಾಗುವುದು ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್ ಎಂಬ ಬಸವನಹುಳು. ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಸುತ್ತಿದ ಕಂದು ಚಿಪ್ಪಿನ ಈ ಜೀವಿ ಭಾರತದಾದ್ಯಂತ ಕೆರೆಕುಂಟೆಗಳಲ್ಲಿ ಕಾಣಸಿಗುತ್ತದೆ. ನೀರು ಬತ್ತಿದಾಗ ಕೆಸರಿನೊಳಗೆ ಹುದುಗಿ ಉಳಿದುಕೊಳ್ಳುವ, ಒಂದೇ ಹುಳು ಉಳಿದರೂ ತಾನೇ ಗಂಡು ತಾನೇ ಹೆಣ್ಣಾಗಿ ಮರಿ ಮಾಡುವ ಶಕ್ತಿ ಅದಕ್ಕಿದೆ. ಬರದ ನಾಡಿನಲ್ಲಿಯೂ ಅದು ನೆಲೆಯೂರಲು ಇದೇ ಕಾರಣ.

ಬಸವನಹುಳುವಿನ ಒಳಹೊಕ್ಕ ಮಿರಾಸಿಡಿಯಂ ರೋಮಗಳನ್ನು ಕಳಚಿ ಸ್ಪೋರೋಸಿಸ್ಟ್ ಎಂಬ ಚೀಲವಾಗುತ್ತದೆ. ತಾಯಿಚೀಲದಲ್ಲಿ ಮರಿಚೀಲಗಳು ಹುಟ್ಟಿ, ಅವುಗಳಲ್ಲಿ ಕವಲು ಬಾಲದ ಸರ್ಕೇರಿಯಾಗಳು ರೂಪುಗೊಳ್ಳುತ್ತವೆ. ಇಲ್ಲಿ ಗಂಡುಹೆಣ್ಣಿನ ಕೂಡುವಿಕೆಯಿಲ್ಲ. ಕಬ್ಬಿನ ಒಂದು ತುಂಡಿನಿಂದ ಹಲವು ಕಬ್ಬು ಬೆಳೆಯುವಂತೆ ಒಂದೇ ಜೀವ ಸಾವಿರಾರಾಗುತ್ತದೆ. ಆದ್ದರಿಂದ ಒಂದು ಮಿರಾಸಿಡಿಯಂನಿಂದ ಬಂದ ಸರ್ಕೇರಿಯಾಗಳೆಲ್ಲ ಒಂದೇ ಲಿಂಗದವು. ಹೊರಬಂದ ಸರ್ಕೇರಿಯಾದ ಆಯುಷ್ಯ ಒಂದೆರಡು ದಿನ ಮಾತ್ರ. ಅಷ್ಟರೊಳಗೆ ನೀರಿಗಿಳಿದ ದನದ ಚರ್ಮವನ್ನು ಕೊರೆದು ಒಳಹೊಕ್ಕು, ಬಾಲ ಕಳಚಿ, ರಕ್ತದ ಹರಿವಿನಲ್ಲಿ ಪುಪ್ಪುಸವನ್ನು ದಾಟಿ ಪಿತ್ತಜನಕಾಂಗವನ್ನು ಸೇರಿ ಬೆಳೆಯುತ್ತದೆ. ದಾರಿ ತಪ್ಪಿ ಮನುಷ್ಯರ ಚರ್ಮವನ್ನು ಹೊಕ್ಕರೆ ದನದ ಹುಳು ಅಲ್ಲಿಯೇ ಸಾಯುತ್ತದೆ. ಆದರೆ ಕಾಲು ತುಂಬ ಕೆಂಪು ಗಂಧೆ ಎದ್ದು ವಿಪರೀತ ತುರಿಕೆಯಾಗುತ್ತದೆ. ಕೆರೆಯಲ್ಲಿ ಎಮ್ಮೆ ಮೈ ತೊಳೆಯುವವರಿಗೂ ಗದ್ದೆಯಲ್ಲಿ ನಿಂತು ದುಡಿಯುವವರಿಗೂ ಬರುವ ತುರಿಕೆಗೆ ಇದು ಒಂದು ಕಾರಣ.

ನೆತ್ತರಿನಲ್ಲಿ ಉಳಿಯುವ ಬಗೆ

ರಕ್ತವು ಪರಕೀಯ ಜೀವಿಯನ್ನು ಕೊಲ್ಲಲೆಂದೇ ಸಜ್ಜಾಗಿರುವ ಸ್ಥಳ. ಅಂತಹ ಕಡೆ ಈ ಹುಳು ವರ್ಷಗಟ್ಟಲೆ ಬಾಳುತ್ತದೆ. ಮನುಷ್ಯರಲ್ಲಿ ಇದರ ಆಯುಷ್ಯ ಸಾಮಾನ್ಯವಾಗಿ 3ರಿಂದ 10 ವರ್ಷವೆಂದು ಲೆಕ್ಕವಿದ್ದು, 30 ವರ್ಷಕ್ಕೂ ಮಿಕ್ಕಿ ಉಳಿದ ನಿದರ್ಶನಗಳೂ ಇವೆ. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಮನುಷ್ಯರ ಹುಳುವಾದ ಶಿಸ್ಟೋಸೋಮಾ ಮ್ಯಾನ್ಸೋನಿಯ ಮೇಲೆ ನಡೆದ ಸಂಶೋಧನೆಗಳು ಉತ್ತರ ನೀಡಿವೆ.

ಮೊದಲನೆಯದು ಮೈಹೊದಿಕೆ. ಹುಳುವಿನ ಹೊರಚರ್ಮದ ಮೇಲೆ ಎರಡು ಪದರಗಳ ಪೊರೆಯಿದ್ದು ಅದು ಸವೆದಂತೆ ಒಳಗಿನಿಂದ ಹೊಸತಾಗುತ್ತದೆ. ಅಲ್ಲದೆ ಅದು ಆತಿಥೇಯ ಜೀವಿಯ ರಕ್ತದ ಗುರುತುಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. 1969ರಲ್ಲಿ ಸ್ಮಿದರ್ಸ್, ಟೆರಿ ಮತ್ತು ಹಾಕ್ಲಿ ಅವರು ನಡೆಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಇಲಿಯ ದೇಹದಲ್ಲಿ ಬೆಳೆದ ಹುಳುಗಳನ್ನು ಅವರು ಕೋತಿಗಳಿಗೆ ಸೇರಿಸಿದರು. ಸಾಮಾನ್ಯ ಕೋತಿಗಳಲ್ಲಿ ಹುಳುಗಳು ಬದುಕಿದವು. ಇಲಿಯ ರಕ್ತದ ವಿರುದ್ಧ ಮೊದಲೇ ಪ್ರತಿರೋಧ ಬೆಳೆಸಿದ್ದ ಕೋತಿಗಳಲ್ಲಿ ಅವೇ ಹುಳುಗಳು ನಾಶವಾದವು. ಅಂದರೆ ಹುಳು ಇಲಿಯ ವೇಷವನ್ನು ತೊಟ್ಟೇ ಕೋತಿಯೊಳಗೆ ಬಂದಿತ್ತು.

ಎರಡನೆಯದು, ಮೊದಲು ಬಂದವರು ತಾವು ಉಳಿದು ಹೊಸಬರನ್ನು ತಡೆಯುವ ಸ್ಥಿತಿ. ಬೆಳೆದ ಹುಳುಗಳಿರುವ ದೇಹವು ಹೊಸದಾಗಿ ಹೊಕ್ಕ ಎಳೆಯ ಹುಳುಗಳನ್ನು ಬಹಳಮಟ್ಟಿಗೆ ಕೊಲ್ಲಬಲ್ಲದು. ಆದರೆ ವೇಷ ತೊಟ್ಟು ಕುಳಿತ ಹಳಬರನ್ನು ಮುಟ್ಟಲಾರದು. ಇದರಿಂದ ಆತಿಥೇಯ ಜೀವಿಯ ಮೇಲೆ ಹುಳುಗಳ ಹೊರೆ ಮಿತಿಮೀರುವುದಿಲ್ಲ. ಮನೆ ಉಳಿದು ಮನೆಯಲ್ಲಿದ್ದವರೂ ಉಳಿಯುತ್ತಾರೆ. ಮೂರನೆಯದು ದುರಸ್ತಿಯ ಶಕ್ತಿ. ಹುಳುವಿನ ದೇಹದಲ್ಲಿ ಬೇರೆ ಬೇರೆ ಅಂಗಾಂಶಗಳಾಗಿ ಮಾರ್ಪಡಬಲ್ಲ ಮೂಲಕೋಶಗಳಿರುವುದನ್ನು 2013ರಲ್ಲಿ ಜೇಮ್ಸ್ ಕಾಲಿನ್ಸ್ ಮತ್ತು ಸಂಗಡಿಗರು ತೋರಿಸಿದರು. ಇನ್ನು ಅದರ ಆಹಾರ ರಕ್ತವೇ. ಹೆಣ್ಣು ಹುಳು ಗಂಟೆಗೆ 3 ಲಕ್ಷಕ್ಕೂ ಮಿಕ್ಕಿ ಕೆಂಪು ರಕ್ತಕಣಗಳನ್ನು ನುಂಗುತ್ತದೆಂದೂ ಗಂಡು ಅದರ ಎಂಟನೆಯ ಒಂದು ಪಾಲಿನಷ್ಟನ್ನು ಮಾತ್ರ ನುಂಗುತ್ತದೆಂದೂ 1970ರ ದಶಕದ ಅಳತೆಯೊಂದು ಹೇಳುತ್ತದೆ. ಅದರ ಕರುಳಿಗೆ ಗುದದ್ವಾರವಿಲ್ಲ. ರಕ್ತದ ಕಬ್ಬಿಣಾಂಶ ಉಳಿಸುವ ಕಪ್ಪು ಕಸವನ್ನು ಬಾಯಿಂದಲೇ ಹೊರಹಾಕುತ್ತದೆ.

ಜೋಡಿಯ ಬಾಳು ಮತ್ತು ತತ್ತಿ

ಚಪ್ಪಟೆ ಹುಳುಗಳಲ್ಲಿ ಹೆಚ್ಚಿನವು ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವ ಜೀವಿಗಳು. ರಕ್ತದ ಹುಳು ಇದಕ್ಕೆ ಅಪವಾದ. ಇಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಮೈಯ ಅಂಚುಗಳು ಒಳಕ್ಕೆ ಮಡಚಿ ಉದ್ದನೆಯ ಕಾಲುವೆಯೊಂದು ಆಗಿರುತ್ತದೆ. ತೆಳ್ಳನೆಯ ಹೆಣ್ಣು ಆ ಕಾಲುವೆಯಲ್ಲಿ ಸೇರಿಕೊಂಡು ಬಾಳನ್ನು ಕಳೆಯುತ್ತದೆ. ಗಂಡು ಸಿಗದ ಹೆಣ್ಣು ಬೆಳೆಯುವುದೇ ಇಲ್ಲ. ಅದರ ಅಂಡಾಶಯ ಪಕ್ವವಾಗುವುದಿಲ್ಲ. ಜೋಡಿಯಾದ ಗಂಡು ಉತ್ಪಾದಿಸುವ ಒಂದು ಸಣ್ಣ ರಾಸಾಯನಿಕ ಹೆಣ್ಣನ್ನು ಪಕ್ವಗೊಳಿಸುತ್ತದೆಂಬುದು 2022ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಒಂದು ಬಸವನಹುಳುವಿನಲ್ಲಿ ಒಂದೇ ಮಿರಾಸಿಡಿಯಂ ಹೊಕ್ಕಿದ್ದರೆ ಅದರಿಂದ ಒಂದೇ ಲಿಂಗದ ಹುಳುಗಳು ಬರುತ್ತವೆಂಬುದನ್ನು ಇಲ್ಲಿ ನೆನೆಯಬೇಕು. ಆದ್ದರಿಂದ ದನ ಮತ್ತೆ ಮತ್ತೆ ಅದೇ ನೀರಿಗೆ ಇಳಿದಷ್ಟೂ ಅದರ ದೇಹದಲ್ಲಿ ಜೋಡಿ ಕೂಡುವ ಸಂಭವ ಹೆಚ್ಚು.

ಕೂಡಿದ ಜೋಡಿ ರಕ್ತನಾಳಗಳಲ್ಲಿ ಸಾಗಿ ತನ್ನ ತಾಣವನ್ನು ಸೇರುತ್ತದೆ. ಸ್ಪಿಂಡೇಲ್ ಮತ್ತು ಇಂಡಿಕಂ ಕರುಳಿನ ಕಡೆಗೆ ಹೋದರೆ, ನೇಸೇಲ್ ಮೂಗಿನ ಒಳಪೊರೆಯ ರಕ್ತನಾಳಗಳಿಗೆ ಹೋಗುತ್ತದೆ. ಅಲ್ಲಿ ಇಡುವ ಬಾಗಿದ ಆಕಾರದ ತತ್ತಿಗಳು ಮೂಗಿನ ಅಂಗಾಂಶವನ್ನು ಸೀಳಿಕೊಂಡು ಸಿಂಬಳದೊಡನೆ ಹೊರಬೀಳಬೇಕು. ಈ ಕುಲದ ಹುಳುಗಳ ಒಂದು ವಿಶೇಷವೆಂದರೆ ತತ್ತಿಯ ಹೊರದಾರಿಯನ್ನು ತೆರೆಯಲು ಆತಿಥೇಯ ಜೀವಿಯ ಪ್ರತಿರೋಧವೇ ನೆರವಾಗುತ್ತದೆ. ತತ್ತಿಯ ಸುತ್ತ ಕೂಡುವ ರಕ್ಷಣಾಕೋಶಗಳು ಅದನ್ನು ದೂಡುತ್ತ ಹೊರಕ್ಕೆ ಸಾಗಿಸುತ್ತವೆ. ಹುಳು ತನ್ನ ಮೈಯನ್ನು ಯಾವ ಪ್ರತಿರೋಧದಿಂದ ಮರೆಮಾಡುತ್ತದೆಯೋ, ತತ್ತಿಯನ್ನು ಅದರ ಕೈಗೇ ಒಪ್ಪಿಸುತ್ತದೆ. ಹೊರಬೀಳದೆ ಉಳಿದ ತತ್ತಿಗಳ ಸುತ್ತ ಗಂಟು ಕಟ್ಟುತ್ತದೆ. ಮೂಗಿನಲ್ಲಿ ಈ ಗಂಟುಗಳು ಬೆಳೆದು ಹೂಕೋಸಿನಂಥ ಗಡ್ಡೆಯಾಗಿ ಉಸಿರಿನ ದಾರಿಯನ್ನು ಕಟ್ಟಿದಾಗ ಗೊರಕೆಯ ಸದ್ದು ಕೇಳಿಸುತ್ತದೆ. ಆದ್ದರಿಂದ ಗೊರಕೆ ಎಂಬುದು ಹುಳುವಿನ ಸದ್ದಲ್ಲ, ದಾರಿ ಸಿಗದ ತತ್ತಿಗಳ ವಿರುದ್ಧ ದನದ ಮೈ ನಡೆಸಿದ ಹೋರಾಟದ ಫಲ.

ಎಮ್ಮೆಗಳಲ್ಲಿ ಈ ಹುಳು ಸಾಮಾನ್ಯವಾಗಿ ಹೊರಲಕ್ಷಣವನ್ನು ತೋರುವುದಿಲ್ಲ. ಗೊರಕೆಯಿಲ್ಲದ ಎಮ್ಮೆಯೂ ತತ್ತಿಗಳನ್ನು ನೀರಿಗೆ ಸೇರಿಸುತ್ತಿರಬಹುದು. ಸದ್ದನ್ನೇ ಹಿಡಿದು ಬೇನೆಯನ್ನು ಗುರುತಿಸುವ ಜನಪದ ಕ್ರಮಕ್ಕೆ ಸಿಗದೆ ಉಳಿಯುವ ಭಾಗವಿದು.

ಕಲ್ಬಾನಿ, ಕೆರೆ ಮತ್ತು ಮೆಟ್ಟಿಲು ಬಾವಿ

ಗೊರಕೆ ರೋಗ ಹರಡುವ ಬಗೆಯಲ್ಲಿ ಒಂದು ಸರಳವಾದ ಸಂಗತಿಯಿದೆ. ತತ್ತಿ ಹೊರಬರುವುದು ಮೂಗಿನಿಂದ; ದನ ನೀರು ಕುಡಿಯುವಾಗ ನೀರಿಗೆ ತಾಗುವುದೂ ಮೂಗೇ. ಕೆರೆಗೆ ಇಳಿದು ಮುಸುಡಿ ತಗ್ಗಿಸಿದ ಎತ್ತು ಒಂದೇ ಗಳಿಗೆಯಲ್ಲಿ ತನ್ನೊಳಗಿನ ತತ್ತಿಯನ್ನು ನೀರಿಗೆ ಬಿಡುತ್ತದೆ, ನೀರಿನಲ್ಲಿನ ಸರ್ಕೇರಿಯಾಕ್ಕೆ ಮೈಯನ್ನೂ ಒಡ್ಡುತ್ತದೆ. ಬಾವಿಯ ನೀರನ್ನು ಸೇದಿ ಕಲ್ಬಾನಿಗೆ ಸುರಿದು ದನಕ್ಕೆ ಕುಡಿಸುವ ಹಳೆಯ ಪದ್ಧತಿ ಈ ಸರಪಳಿಯನ್ನು ತುಂಡರಿಸುತ್ತದೆ. ಕಲ್ಬಾನಿಗೆ ಬಿದ್ದ ಸಿಂಬಳ ಬಸವನಹುಳುವಿರುವ ನೀರನ್ನು ಸೇರುವುದಿಲ್ಲ. ಪದ್ಧತಿಯ ಹಿಂದೆ ಹುಳುವಿನ ತಿಳಿವಳಿಕೆ ಇತ್ತೆಂದು ಹೇಳುವುದು ಅತಿಶಯೋಕ್ತಿಯಾದೀತು. ಅನುಕೂಲಕ್ಕಾಗಿ ಬಂದ ಪದ್ಧತಿ ಆರೋಗ್ಯವನ್ನೂ ಕಾಯ್ದಿತು ಎಂದಷ್ಟೇ ಹೇಳಬಹುದು. ಇದಕ್ಕೆ ಪ್ರತಿಯಾಗಿ, ಕಾರಹುಣ್ಣಿಮೆಯ ಮುನ್ನಾದಿನದ ಹೊನ್ನುಗ್ಗಿಯಂದು ಎತ್ತುಗಳನ್ನು ಹಳ್ಳಕ್ಕೋ ಕೆರೆಗೋ ಒಯ್ದು ಮೈ ತೊಳೆಯುವ ಆಚರಣೆ ಎತ್ತಿನ ಮೇಲಿನ ಅಕ್ಕರೆಯಿಂದ ಬಂದುದಾದರೂ, ನಿಂತ ನೀರಿನಲ್ಲಿ ನಡೆದರೆ ಊರಿನ ದನಗಳನ್ನೆಲ್ಲ ಒಂದೇ ಕಡೆ ನೀರಿಗಿಳಿಸಿದಂತಾಗುತ್ತದೆ. ಹಿಂಡುಗಟ್ಟಲೆ ದನಗಳು ಊರಿಂದೂರಿಗೆ ಕೈ ಬದಲಾಗುವ ಜಾತ್ರೆಗಳನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಅಂಗವಾಗಿ ತೊರವಿಯಲ್ಲಿ ಕೂಡುವ ದನದ ಸಂತೆಗೆ ಖಿಲಾರಿ ಎತ್ತುಗಳು ದೂರದೂರದಿಂದ ಬರುತ್ತವೆ. ಹುಳುವಿಗೆ ಕಾಲಿಲ್ಲದಿದ್ದರೂ ದನದ ಕಾಲಿದೆ.

ವಿಜಯಪುರ ನಗರದ ತಾಜ್ ಬಾವಡಿ ಮತ್ತು ಚಾಂದ್ ಬಾವಡಿಗಳು ಆದಿಲಶಾಹಿ ಕಾಲದ ನೀರಿನ ಜಾಣ್ಮೆಗೆ ಸಾಕ್ಷಿಯಾಗಿವೆ. ನೀರಿನವರೆಗೆ ಮೆಟ್ಟಿಲಿಳಿಯುವ ಬಾವಿಗಳು ಬಯಲುಸೀಮೆಯ ಹಳ್ಳಿಗಳಲ್ಲಿಯೂ ಇದ್ದವು. ಆದರೆ ಮನುಷ್ಯನನ್ನು ನೀರಿನ ಬಳಿಗೆ ಕರೆದೊಯ್ಯುವ ಮೆಟ್ಟಿಲೇ ನಾರುಹುಣ್ಣಿನ ದಾರಿಯೂ ಆಯಿತು. ನಾರಿನ ಹೆಣ್ಣು ಹುಳು ಸುಮಾರು ಒಂದು ವರ್ಷ ಮೈಯೊಳಗೆ ಬೆಳೆದು, ಒಂದು ಮೀಟರಿನವರೆಗೂ ಉದ್ದವಾಗಿ, ಕಾಲಿನ ಹುಣ್ಣಿನಿಂದ ತಲೆ ಹಾಕುತ್ತಿತ್ತು. ಉರಿ ತಾಳದೆ ಕಾಲನ್ನು ನೀರಿಗಿಟ್ಟಾಗ ಸಾವಿರಾರು ಮರಿಗಳನ್ನು ಬಿಡುತ್ತಿತ್ತು. ಅವನ್ನು ನುಂಗಿದ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ನೀರುಚಿಗಟ ಕುಡಿಯುವ ನೀರಿನೊಡನೆ ಮತ್ತೊಬ್ಬರ ಹೊಟ್ಟೆಯನ್ನು ಸೇರುತ್ತಿತ್ತು. ಹೊರಬಂದ ಎಳೆಯನ್ನು ಸಣ್ಣ ಕಡ್ಡಿಗೆ ಸುತ್ತುತ್ತ ದಿನಕ್ಕಿಷ್ಟೆಂದು ಎಳೆಯುವುದೇ ಜನರಿಗೆ ತಿಳಿದಿದ್ದ ಮದ್ದು.

1983–84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದ ಮೊದಲ ವರ್ಷಗಳಲ್ಲಿ ದೇಶದಲ್ಲಿ ಸುಮಾರು 40 ಸಾವಿರ ನಾರುಹುಣ್ಣಿನ ರೋಗಿಗಳನ್ನು ಎಣಿಸಲಾಯಿತು. ಕರ್ನಾಟಕವು ಪೀಡಿತ ರಾಜ್ಯಗಳಲ್ಲೊಂದಾಗಿತ್ತು. ಅಂದಿನ ಬಿಜಾಪುರ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡುವುದು, ಕೊಳವೆಬಾವಿ ತೋಡುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ನೀರಿಗೆ ಔಷಧ ಹಾಕುವುದು ಇವೇ ಉಪಾಯಗಳು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡಿತು; 2000ದಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಲಸಿಕೆಯಿಲ್ಲದೆ, ಮದ್ದಿಲ್ಲದೆ ಒಂದು ಬೇನೆ ತೊಲಗಿತು. ಊರಿನಲ್ಲಿ ಯಾರಿಗೆ ನಾರು ಎದ್ದಿದೆ ಎಂಬುದನ್ನು ಯಾರು ಬೇಕಾದರೂ ಹೇಳಬಲ್ಲವರಾಗಿದ್ದುದು ಈ ಯಶಸ್ಸಿಗೆ ಒಂದು ಮುಖ್ಯ ಕಾರಣ. ಹೆಸರು ಹುಳುವನ್ನು ತೋರಿಸಿಕೊಟ್ಟಿತು. ನೆತ್ತರಿನಲ್ಲಿ ಅಡಗಿ, ಎಮ್ಮೆಯಲ್ಲಿ ಸದ್ದಿಲ್ಲದೆ, ಕೆಸರಿನಲ್ಲಿ ಬರ ಕಳೆಯುವ ಬಸವನಹುಳುವಿನ ಆಸರೆಯಲ್ಲಿರುವ ಹುಳುವಿಗೆ ಈ ಉಪಾಯ ಸಾಲದು.

ಹೊಸ ನೀರು

ಕೃಷ್ಣಾ ನದಿಯ ನೀರು ಇಂದು ಈ ಸೀಮೆಯ ಭೂದೃಶ್ಯವನ್ನೇ ಬದಲಿಸುತ್ತಿದೆ. ಆಲಮಟ್ಟಿಯ ಹಿನ್ನೀರಿನಿಂದ ನೀರೆತ್ತುವ ಮುಳವಾಡ ಯೋಜನೆ, ಜಮಖಂಡಿ ತಾಲೂಕಿನ ಕಡೆಯಿಂದ ನೀರು ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಹಾಗೂ ಇವುಗಳೊಡನೆ ಬಂದ ಕೆರೆ ತುಂಬುವ ಕಾರ್ಯಗಳಿಂದ ತಿಕೋಟಾ, ಬಬಲೇಶ್ವರ ಭಾಗದ ಒಣಗಿದ ಕೆರೆಗಳು ನೀರು ಕಂಡಿವೆ. ಟ್ಯಾಂಕರಿನ ನೀರಿನಿಂದ ದ್ರಾಕ್ಷಿ ಪಡಗಳನ್ನು ಉಳಿಸಿಕೊಂಡ ರೈತರಿಗೆ ಇದು ಸಣ್ಣ ಸಂಗತಿಯಲ್ಲ. ಈ ನೀರು ಬೇಡವೆಂದು ಹೇಳುವವರು ಯಾರೂ ಇರಲಾರರು.

ಆದರೆ ಬೇಸಿಗೆಯಲ್ಲಿ ಬತ್ತುತ್ತಿದ್ದ ಕೆರೆ ವರ್ಷವಿಡೀ ತುಂಬಿ ನಿಂತರೆ ಬಸವನಹುಳುವಿಗೆ ಕೆಸರಿನಲ್ಲಿ ಹುದುಗುವ ಕಷ್ಟವೂ ತಪ್ಪುತ್ತದೆ. ಬೇರೆ ದೇಶಗಳ ಅನುಭವ ಎಚ್ಚರಿಕೆಯನ್ನು ನೀಡುತ್ತದೆ. ಪಶ್ಚಿಮ ಆಫ್ರಿಕದ ಸೆನೆಗಲ್ ನದಿಗೆ 1986ರಲ್ಲಿ ಡಿಯಾಮಾ ಅಣೆಕಟ್ಟು ಕಟ್ಟಿದ ಮೇಲೆ ಸಮುದ್ರದ ಉಪ್ಪುನೀರು ಒಳಬರುವುದು ನಿಂತು, ಕಾಲುವೆಗಳಲ್ಲಿ ಬಸವನಹುಳುಗಳು ಹೆಚ್ಚಿದವು. ರಿಷಾರ್ ಟೋಲ್ ಪಟ್ಟಣದಲ್ಲಿ ಕೆಲವೇ ವರ್ಷಗಳಲ್ಲಿ ಜನರಲ್ಲಿ ಈ ರೋಗ ದೊಡ್ಡ ಪ್ರಮಾಣದಲ್ಲಿ ಹರಡಿತು. ಅಲ್ಲಿನದು ಮನುಷ್ಯರ ಹುಳು, ಇಲ್ಲಿಯದು ದನದ ಹುಳು. ಎರಡನ್ನೂ ಒಂದೇ ಎನ್ನಲಾಗದು. ಬಸವನಹುಳುವಿಗೆ ನೀರು ಬಂದರೆ ರಕ್ತದ ಹುಳುವಿಗೂ ಬರುತ್ತದೆ ಎಂಬ ನಿಯಮ ಮಾತ್ರ ಎರಡು ಕಡೆಯೂ ಒಂದೇ.

ಉಪಸಂಹಾರ

ಆಂಟಿಮನಿ ಬೆರೆತ ಚುಚ್ಚುಮದ್ದುಗಳಿಂದ ಗೊರಕೆ ರೋಗಕ್ಕೆ ಚಿಕಿತ್ಸೆ ನೀಡುವ ಕ್ರಮ ಬಹುಕಾಲದಿಂದ ಇದೆ. ಆದರೆ ಗುಣಹೊಂದಿದ ಎತ್ತು ಮರುದಿನ ಅದೇ ಕೆರೆಗೆ ಇಳಿದರೆ ಮದ್ದಿನ ಫಲ ನಿಲ್ಲದು. ದನಕ್ಕೆ ಕೆರೆಯ ಅಂಚಿನಲ್ಲಿ ಬೇರೆ ಬಾನಿ ಕಟ್ಟಿಸುವುದು, ಬಸವನಹುಳುಗಳಿಗೆ ಆಸರೆಯಾಗುವ ನೀರುಕಳೆಯನ್ನು ತೆಗೆಯುವುದು, ಗೊರಕೆಯಿಲ್ಲದ ಎಮ್ಮೆಗಳನ್ನೂ ಪರೀಕ್ಷಿಸುವುದು ಇವು ಊರಿನವರು ಮತ್ತು ಪಶುವೈದ್ಯರು ಕೂಡಿ ಮಾಡಬೇಕಾದ ಕೆಲಸಗಳು.

ಜಾನಪದ ಅಧ್ಯಯನಕ್ಕೂ ಇಲ್ಲಿ ಕೆಲಸವಿದೆ. ಯಾವ ಕೆರೆಯ ನೀರಿಗೆ ದನವನ್ನು ಇಳಿಸಬಾರದು, ಯಾವ ಹಳ್ಳದಲ್ಲಿ ಇಳಿದರೆ ಕಾಲು ತುರಿಸುತ್ತದೆ, ಯಾವ ಊರಿನ ಎತ್ತುಗಳಿಗೆ ಗೊರಕೆ ಹೆಚ್ಚು ಎಂಬ ತಿಳಿವಳಿಕೆ ದನ ಕಾಯುವವರ ಮಾತಿನಲ್ಲಿದೆ. ದನಗಳ ಸಂಖ್ಯೆ ಇಳಿದು ಟ್ರ್ಯಾಕ್ಟರುಗಳು ಬಂದಂತೆ ಈ ಮಾತುಗಳೂ ಮರೆಯಾಗುತ್ತಿವೆ. ಹಾಡು, ಕಥೆ, ಗಾದೆಗಳಿಗೆ ಸಿಕ್ಕ ಗಮನ ಬೇನೆಯ ಹೆಸರುಗಳಿಗೂ ನೀರಿನ ನೆಲೆಗಳ ನೆನಪಿಗೂ ಸಿಗಬೇಕಾಗಿದೆ. ಅವುಗಳನ್ನು ಊರುವಾರು ಸಂಗ್ರಹಿಸಿ ಹಳೆಯ ಹಾಗೂ ಹೊಸ ಕೆರೆಗಳ ನಕ್ಷೆಯೊಂದಿಗೆ ಇಟ್ಟು ನೋಡಿದಲ್ಲಿ, ಪಶುವೈದ್ಯ ವಿಜ್ಞಾನವು ಎಲ್ಲಿ ಮೊದಲು ಬಸವನಹುಳುವನ್ನು ಹುಡುಕಬೇಕೆಂಬುದಕ್ಕೆ ದಾರಿ ದೊರೆಯುತ್ತದೆ. ನಾರುಹುಣ್ಣಿನ ವಿಷಯದಲ್ಲಿ ಜನರ ಬಾಯಲ್ಲಿದ್ದ ಹೆಸರು ಮಾಡಿದ ಉಪಕಾರವನ್ನು ಗೊರಕೆ ರೋಗದ ವಿಷಯದಲ್ಲಿ ಇಂತಹ ಸಂಗ್ರಹವು ಮಾಡಬಲ್ಲದು.